ಹಲಗೆ ಒರೆಸುವ ಮುನ್ನ

ಕೆಮ್ಮಣ್ಣುಗುಂಡಿ ಒಂದು ಕಾಲದಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಒದಗಿಸಿದ ಬೆಟ್ಟ. ಅದರ ತಪ್ಪಲಿನ ನಮ್ಮ ಊರಿಗೆ ಈಗ ಅಂತರ್ಜಾಲವೂ ಬಂದಿದೆ. ಆದರೆ ಮಳೆ ಹಿಡಿಯಿತೆಂದರೆ ಅದನ್ನು ನಂಬುವಂತಿಲ್ಲ.

ಕಳೆದ ಮಳೆಗಾಲದ ಒಂದು ಸಂಜೆ ನೆರೆಮನೆಯ ಹುಡುಗಿ ಓಡಿ ಬಂದಳು. ಸಿಇಟಿ ಬರೆದಿದ್ದ ಆಕೆಗೆ ಕಾಲೇಜುಗಳ ಆಯ್ಕೆಯನ್ನು ದಾಖಲಿಸಲು ಮರುದಿನವೇ ಕೊನೆ. "ಸಾರ್, ನಿಮ್ಮ ಕಂಪ್ಯೂಟರಿನಲ್ಲಿ ತುಂಬಬಹುದೇ?" ಎಂದಳು. ಸಂಪರ್ಕ ಕುಂಟುತ್ತಿತ್ತು. ರೂಟರಿನ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿ ಹಿಡಿದರೆ ಸರಿಹೋಗುವುದೆಂದು ಯಾರೋ ಹೇಳಿದ್ದು ನೆನಪಾಗಿ ಹಾಗೆಯೇ ಮಾಡಿದೆ. ದೀಪಗಳೆಲ್ಲ ಆರಿ ಮತ್ತೆ ಹೊತ್ತಿದವು. ಅಂತರ್ಜಾಲದ ದೀಪವೊಂದು ಹೊತ್ತಲಿಲ್ಲ. ಕುಂಟುತ್ತಿದ್ದುದು ಪೂರ್ತಿ ಮಲಗಿತು.

ಮೂವತ್ತು ವರ್ಷ ಪಾಠ ಹೇಳಿದ ನನಗೆ ಅಂದು ಒಂದು ಪಾಠವಾಯಿತು. ರೂಟರನ್ನು ಆರಿಸಿ ಮತ್ತೆ ಹಚ್ಚುವುದೆಂದರೆ ಪುಸ್ತಕವನ್ನು ಮುಚ್ಚಿ ತೆರೆದಂತೆ. ಬರೆದದ್ದು ಹಾಗೆಯೇ ಇರುತ್ತದೆ. ರಂಧ್ರದೊಳಗಿನ ಗುಂಡಿಯನ್ನು ಹತ್ತಾರು ಸೆಕೆಂಡು ಒತ್ತಿ ಹಿಡಿಯುವುದೆಂದರೆ ಕಪ್ಪುಹಲಗೆಯನ್ನು ಒರೆಸಿದಂತೆ. ವೈಫೈ ಹೆಸರು, ಗುಪ್ತಪದಗಳಷ್ಟೇ ಅಲ್ಲ, ಸೇವೆ ನೀಡುವವರು ತುಂಬಿಸಿದ್ದ ನಮ್ಮ ಖಾತೆಯ ಹೆಸರೂ ಅಳಿಸಿಹೋಗುತ್ತದೆ. ರೂಟರಿನ ತಳದ ಚೀಟಿಯಲ್ಲಿರುವುದು ಕಾರ್ಖಾನೆಯ ಗುಪ್ತಪದ ಮಾತ್ರ. ನಮ್ಮ ಖಾತೆಯ ವಿವರ ಅಲ್ಲಿಲ್ಲ.

ಸೇವಾ ಕೇಂದ್ರಕ್ಕೆ ಕರೆ ಮಾಡಿದಾಗ, ಎರಡು ದಿನ ಬಿಟ್ಟು ಹುಡುಗನನ್ನು ಕಳುಹಿಸುವೆವೆಂದರು. ಪಾಪ, ಆ ಹುಡುಗಿ ಮರುದಿನ ಸುರಿಯುವ ಮಳೆಯಲ್ಲಿ ಅಣ್ಣನ ಬೈಕಿನ ಹಿಂದೆ ಕುಳಿತು ತರೀಕೆರೆಗೆ ಹೋಗಿ ಆಯ್ಕೆ ತುಂಬಿ ಬಂದಳು. ನನಗೆ ಅನ್ನ ರುಚಿಸಿದ್ದು ಆಮೇಲೆಯೇ.

ಮೂರನೆಯ ದಿನ ಬಂದ ಹುಡುಗ ಜೇಬಿನ ಡೈರಿ ತೆಗೆದು ಎರಡು ಸಾಲು ನೋಡಿಕೊಂಡು ರೂಟರಿಗೆ ತುಂಬಿಸಿದ. ಹತ್ತು ನಿಮಿಷದ ಕೆಲಸ! ಆ ಎರಡು ಸಾಲು ಹಣ ಕೊಡುವ ನನ್ನ ಬಳಿ ಇರದೆ ಅವನ ಜೇಬಿನಲ್ಲಿ ಏಕಿರಬೇಕು? ಸಂಪರ್ಕ ಕೊಡುವ ದಿನವೇ ಗ್ರಾಹಕನಿಗೆ ಅದನ್ನು ಬರೆದುಕೊಡುವುದು ನಿಯಮವಾಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಪೇಟೆಯವರಿಗೆ ಇದು ಒಂದು ಗಂಟೆಯ ತೊಂದರೆ. ಮಲೆನಾಡಿನ ಮಕ್ಕಳಿಗೆ ಒಂದು ವರ್ಷವೇ ಕೈಬಿಟ್ಟುಹೋದೀತು.

ನನ್ನ ತಪ್ಪೂ ಇದೆ. ಹಲಗೆ ಒರೆಸುವ ಮುನ್ನ ಎಲ್ಲರೂ ಬರೆದುಕೊಂಡರೇ ಎಂದು ತರಗತಿಯಲ್ಲಿ ದಿನವೂ ಕೇಳುತ್ತಿದ್ದವನು, ಮನೆಯಲ್ಲಿ ಕೇಳಿಕೊಳ್ಳಲಿಲ್ಲ. ಈಗ ಆ ಎರಡು ಸಾಲುಗಳು ನನ್ನ ಪಂಚಾಂಗದ ಕೊನೆಯ ಪುಟದಲ್ಲಿವೆ. ನಿಮ್ಮವು ಎಲ್ಲಿವೆ, ಇಂದೇ ನೋಡಿಕೊಳ್ಳಿ.