ಚಿಮಣಿ ಎತ್ತರಿಸಿದರೆ ಸಾಕೇ?

ಕಲ್ಲಿದ್ದಲು ಉರಿದಾಗ ಅದರಲ್ಲಿನ ಗಂಧಕ ಸಲ್ಫರ್ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೊರಬೀಳುತ್ತದೆ. ಅದನ್ನು ವಿದ್ಯುತ್ ಸ್ಥಾವರದಲ್ಲೇ ಹಿಡಿದು, ಸುಣ್ಣದಕಲ್ಲಿನ ನೆರವಿನಿಂದ ಜಿಪ್ಸಂ ಆಗಿಸುವ ಯಂತ್ರ ಎಫ್‌ಜಿಡಿ. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಈ ಅನಿಲಕ್ಕೆ ಮಿತಿ ಹೇರಿ ಎರಡು ವರ್ಷದ ಗಡುವು ಕೊಟ್ಟಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ದೇಶದ ಮುಕ್ಕಾಲಿಗೂ ಹೆಚ್ಚು ಘಟಕಗಳಿಗೆ ಎಫ್‌ಜಿಡಿಯಿಂದ ವಿನಾಯಿತಿಯೇ ಸಿಕ್ಕಿತು. ಈಗ ಕಡ್ಡಾಯವಿರುವುದು ದಿಲ್ಲಿ ರಾಜಧಾನಿ ವಲಯದಿಂದ ಅಥವಾ ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳಿಂದ 10 ಕಿ.ಮೀ. ಒಳಗಿನ ಸ್ಥಾವರಗಳಿಗೆ, ಮಾಲಿನ್ಯ ಮಿತಿಮೀರಿದ ಪ್ರದೇಶಗಳ ಹತ್ತಿರದವುಗಳ ಬಗ್ಗೆ ಪ್ರತ್ಯೇಕ ತೀರ್ಮಾನ. ಉಳಿದವು ಚಿಮಣಿಯ ಎತ್ತರದ ನಿಯಮ ಪಾಲಿಸಿದರೆ ಆಯಿತು.

ವಿನಾಯಿತಿಯ ಪರವಾದ ಮಾತುಗಳನ್ನು ನೆಪವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಸುಮಾರು ಶೇ 0.5, ಬೂದಿ ಮಾತ್ರ ಶೇ 30ಕ್ಕೂ ಮೇಲೆ. ಕಲ್ಲಿದ್ದಲು ಸ್ಥಾವರವಿರುವ ರಾಯಚೂರಿನ ಶಕ್ತಿನಗರದವರನ್ನು ಕೇಳಿದರೆ ಮೊದಲು ಬರುವ ದೂರು ಹಾರುಬೂದಿಯದೇ. ಎಫ್‌ಜಿಡಿ ನೀರು ಕುಡಿಯುತ್ತದೆ, ವಿದ್ಯುತ್ ತಿನ್ನುತ್ತದೆ, ಸುಣ್ಣದಕಲ್ಲಿನಿಂದ ಒಂದಿಷ್ಟು ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಅದರ ಖರ್ಚು ಕೊನೆಗೆ ಮನೆಯ ಕರೆಂಟ್ ಬಿಲ್ಲಿಗೇ ಬರುತ್ತದೆ. ಶಕ್ತಿನಗರದ 210 ಮೆಗಾವಾಟ್‌ನ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಅಷ್ಟು ಹಳೆಯದಕ್ಕೆ ಇಷ್ಟು ಹಣ ಸುರಿಯುವುದಕ್ಕಿಂತ ಬೂದಿ ಹಿಡಿಯುವ ವ್ಯವಸ್ಥೆಯನ್ನು ಬಿಗಿಗೊಳಿಸುವುದು ಮೇಲು.

ಆದರೆ ನಗರಗಳ ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಮಿತಿಯೊಳಗೇ ಇದೆ ಎಂಬ ಸರ್ಕಾರದ ಮುಖ್ಯ ವಾದ ನನಗೆ ಒಪ್ಪಿಗೆಯಾಗದು. ಈ ಅನಿಲ ಅನಿಲವಾಗಿಯೇ ಉಳಿಯುವುದಿಲ್ಲ. ಗಾಳಿಯಲ್ಲಿ ಸಾಗುತ್ತ, ಅಮೋನಿಯಾ ಜೊತೆ ಸೇರಿ ಸಲ್ಫೇಟ್ ಕಣವಾಗುತ್ತದೆ. ಶ್ವಾಸಕೋಶದ ಆಳಕ್ಕಿಳಿದು ಹೃದಯವನ್ನೂ ಕಾಡುವ ಪಿಎಂ 2.5 ಕಣಗಳಲ್ಲಿ ಅದೂ ಒಂದು. ಅನಿಲದ ಮಾಪಕ ಕಡಿಮೆ ತೋರಿಸಿದಷ್ಟಕ್ಕೆ ಅಪಾಯ ಹೋಯಿತೆನ್ನಲಾಗದು. ಅದು ಕಣದ ಲೆಕ್ಕಕ್ಕೆ ಸೇರಿರುತ್ತದೆ. ಚಿಮಣಿ ಎತ್ತರವಾದಷ್ಟೂ ಪಕ್ಕದ ಊರಿಗೆ ನೆಮ್ಮದಿ ಹೆಚ್ಚು, ನಿಜ. ಗಂಧಕ ಮಾತ್ರ ಒಂದು ಕಿಲೋ ಕೂಡ ಕಡಿಮೆಯಾಗುವುದಿಲ್ಲ, ದೂರದವರ ಪಾಲಾಗುತ್ತದೆ. ನೂರಾರು ಕಿ.ಮೀ. ಸಾಗುವ ಕಣಕ್ಕೆ 10 ಕಿ.ಮೀ.ಯ ಗಡಿ ಹಾಕಿದರೆ ಏನು ಪ್ರಯೋಜನ? ಸಣ್ಣ ಊರಿನವರ ಉಸಿರಿಗೆ ಕಡಿಮೆ ರಕ್ಷಣೆ ಸಾಕೆಂದು ಯಾವ ವೈದ್ಯರೂ ಹೇಳಲಾರರು. ಗಡುವಿಗೆ ಬೆಲೆಕೊಟ್ಟು ಯಂತ್ರ ಕೂರಿಸಿದವರು ಖರ್ಚು ಹೊತ್ತರು, ಕಾದು ಕೂತವರು ಉಳಿಸಿಕೊಂಡರು ಎಂಬುದೂ ಸಣ್ಣ ಅನ್ಯಾಯವಲ್ಲ.

ಮುಚ್ಚುವ ಹಂತದ ಘಟಕಗಳಿಗೆ, ಮುಚ್ಚುವ ದಿನಾಂಕ ಬರೆದುಕೊಟ್ಟರೆ, ವಿನಾಯಿತಿ ಇರಲಿ. ರಾಯಚೂರು ಬಳಿಯ ಯರಮರಸ್‌ನ 800 ಮೆಗಾವಾಟ್‌ನ ಎರಡು ಘಟಕಗಳಂತೆ ಇನ್ನೂ ದಶಕಗಟ್ಟಲೆ ಉರಿಯಬೇಕಾದವುಗಳಿಗೆ ಊರಿನ ಜನಸಂಖ್ಯೆ ನೋಡಿ ಸಡಿಲಿಕೆ ಕೊಡಬಾರದು. ಗಾಳಿ ಬೀಸುವ ದಿಕ್ಕಿನ ಹಳ್ಳಿಗಳಲ್ಲಿ ಕಣಗಳನ್ನು ಸಂಗ್ರಹಿಸಿ, ಸಲ್ಫೇಟ್ ಎಷ್ಟಿದೆಯೆಂದು ಅಳೆದು, ಆ ಲೆಕ್ಕವನ್ನು ಜನರ ಮುಂದಿಟ್ಟು ತೀರ್ಮಾನಿಸಬೇಕು.