ಧೂಳಿಗೂ ತೂಕವುಂಟು

ಹಳೆಯ ಕಟ್ಟಡ ಕೆಡವಿ ಹೊಸದನ್ನು ಎಬ್ಬಿಸುವ ಕೆಲಸ ನಡೆಯದ ಬಡಾವಣೆ ಮುಂಬಯಿಯಲ್ಲಿ ಈಗ ಹುಡುಕಿದರೂ ಸಿಗಲಾರದು. ಅದರ ಧೂಳನ್ನು ನಾವು ಎದುರಿಸುವ ಕ್ರಮವೋ ಒಂದೇ: ಕಿಟಕಿ ಮುಚ್ಚುವುದು, ಎರಡು ಹೊತ್ತು ನೆಲ ಒರೆಸುವುದು, ಸಂಘದ ಸಭೆಯಲ್ಲಿ ಗೊಣಗುವುದು. ಹೆಚ್ಚೆಂದರೆ, "ಧೂಳು ವಿಪರೀತವಾಗಿದೆ, ದಯಮಾಡಿ ಕ್ರಮ ಕೈಗೊಳ್ಳಬೇಕು" ಎಂದೊಂದು ಅರ್ಜಿ. ಕೇಂದ್ರ ಸರ್ಕಾರದ ಕಡತಗಳ ನಡುವೆ ತಲೆ ನರೆಸಿಕೊಂಡ ನಮಗೆ ಇಂಥ ಅರ್ಜಿಯ ಗತಿ ಚೆನ್ನಾಗಿ ಗೊತ್ತು. "ವಿಪರೀತ" ಎಂಬುದು ಯಾವ ಅಳತೆ, ಸ್ವಾಮಿ? ದಿನಾಂಕವಿಲ್ಲದ, ಅಂಕಿಯಿಲ್ಲದ ಕಾಗದವನ್ನು ಕಡತಕ್ಕೆ ಸೇರಿಸಿ ಮರೆಯುವುದು ಯಾವ ಗುಮಾಸ್ತನಿಗೂ ಕಷ್ಟವಲ್ಲ.

"ಗಾಳಿಯ ಸೂಚ್ಯಂಕ ಇಂದು ಪರವಾಗಿಲ್ಲವಲ್ಲ!" ಎಂಬ ಸಮಾಧಾನ ಬೇರೆ. ಆ ಸೂಚ್ಯಂಕ ಧೂಳಿನ ಪೈಕಿ ಲೆಕ್ಕಕ್ಕೆ ಹಿಡಿಯುವುದು ಹತ್ತು ಮೈಕ್ರಾನಿನೊಳಗಿನ ಕಣಗಳನ್ನು ಮಾತ್ರ. ಒಣಹಾಕಿದ ಬಟ್ಟೆಯ ಮೇಲೆ, ತುಳಸಿಯ ಎಲೆಯ ಮೇಲೆ ಕೂರುವುದರಲ್ಲಿ ಬಹುಪಾಲು ಅದಕ್ಕಿಂತ ದಪ್ಪ. 2009ರ ರಾಷ್ಟ್ರೀಯ ವಾಯು ಗುಣಮಟ್ಟದ ಪಟ್ಟಿಯಲ್ಲಿ 12 ಮಾಲಿನ್ಯಕಾರಕಗಳಿವೆ. ಬೀಳುವ ಧೂಳಿಗೆ ಅಲ್ಲಿ ಜಾಗವಿಲ್ಲ. ತಮಾಷೆಯೆಂದರೆ, ವಾಯುಮಾಲಿನ್ಯ ಅಳೆಯುವ ಭಾರತೀಯ ಮಾನಕ 5182ರ ಮೊದಲನೆಯ ಭಾಗವೇ ಬೀಳುವ ಧೂಳನ್ನು ಅಳೆಯುವ ವಿಧಾನ! ಅಳೆಯುವ ಬಗೆ ಹೇಳಿಕೊಟ್ಟರು, ಎಷ್ಟಾದರೆ ತಪ್ಪೆಂದು ಹೇಳಲಿಲ್ಲ. ಜರ್ಮನಿ ಹೇಳಿದೆ: ವರ್ಷದ ಸರಾಸರಿಯಲ್ಲಿ ಚದರ ಮೀಟರಿಗೆ ದಿನಕ್ಕೆ 350 ಮಿಲಿಗ್ರಾಂ. ಬ್ರಿಟನ್ನಿನಲ್ಲಿ ರೂಢಿಯ ಮಿತಿ 200.

ಅಳತೆಗೆ ಪ್ರಯೋಗಶಾಲೆಯೇನೂ ಬೇಡ. ಬಾಯಿ 30 ಸೆಂಟಿಮೀಟರ್ ಅಗಲವಿರುವ ಆಳವಾದ ಬಕೆಟ್ಟನ್ನು ಮಳೆಯಿಲ್ಲದ ತಿಂಗಳಲ್ಲಿ ತಾರಸಿಯ ಮೇಲಿಡಿ. (ತಟ್ಟೆ ಬೇಡ, ಗಾಳಿಗೆ ಬಂದದ್ದು ಗಾಳಿಗೇ ಹೋದೀತು.) ಹೋಲಿಕೆಗೆ ದೂರದ ತಾರಸಿಯಲ್ಲಿ ಇನ್ನೊಂದು. 30 ದಿನವಾದ ಮೇಲೆ ಕೂಡಿದ್ದನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿಸಿ. ಸುಮಾರು 0.4 ಗ್ರಾಂ ದಾಟಿತೋ, ಬ್ರಿಟನ್ನಿನ ಮಿತಿ ದಾಟಿದಂತೆ. ನ್ಯಾಯಾಲಯದಲ್ಲಿ ನಿಲ್ಲುವ ಪುರಾವೆ ಇದಲ್ಲ, ಒಪ್ಪಿದೆವು. ಆದರೆ ಅಂಕಿಯಿರುವ ಅರ್ಜಿಗೆ ಉತ್ತರ ಬರೆಯಲೇಬೇಕಾಗುತ್ತದೆ. ಜೊತೆಗೆ ನಿಯಮವನ್ನೂ ಕಾಣಿಸಿ. 2023ರ ಅಕ್ಟೋಬರಿನಲ್ಲಿ ಪಾಲಿಕೆ ಹೊರಡಿಸಿದ ಸೂಚನೆಯಂತೆ ಒಂದು ಎಕರೆಯೊಳಗಿನ ನಿವೇಶನಕ್ಕೆ 25 ಅಡಿ, ಅದಕ್ಕೆ ಮೇಲ್ಪಟ್ಟು 35 ಅಡಿ ತಗಡಿನ ಬೇಲಿ. ಕಟ್ಟಡದ ಸುತ್ತ ಹಸಿರು ಬಟ್ಟೆ, ನೀರು ಚಿಮುಕಿಸುವಿಕೆ, ಧೂಳು ಅಳೆಯುವ ಯಂತ್ರ. ಆ ಯಂತ್ರ ತೋರಿಸಿದ್ದೆಷ್ಟೆಂದು 2005ರ ಮಾಹಿತಿ ಹಕ್ಕಿನಡಿ ಪಾಲಿಕೆಯನ್ನೇ ಕೇಳಿ.

"ಹೊರನಾಡಿನವರು ನಾವು, ನಮಗೇಕೆ ಈ ಉಸಾಬರಿ?" ಎನ್ನುವವರು ಆ ತಗಡಿನ ಬಳಿ ನಿಂತು ಕಿವಿಗೊಡಲಿ. ಎಷ್ಟೋ ಕಡೆ ಒಳಗಿನಿಂದ ಕೇಳಿಬರುವುದು ಕಲಬುರಗಿ, ವಿಜಯಪುರ ಕಡೆಯ ಕನ್ನಡ. ನಮ್ಮ ಕಿಟಕಿಗೆ ಬರುವುದು ಅವರು ಉಸಿರಾಡಿ ಉಳಿದದ್ದು. ಕಾಂಕ್ರೀಟು ಕೊರೆದಾಗ ಏಳುವ ಸಿಲಿಕಾದ ನುಣುಪು ಪುಡಿ ವರ್ಷಗಟ್ಟಲೆ ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್. ಅದು ವಾಸಿಯಾಗುವ ರೋಗವಲ್ಲ. ರಾಜ್ಯೋತ್ಸವದ ಊಟಕ್ಕಂತೂ ನಾವು ಅವರನ್ನು ಕರೆಯಲಿಲ್ಲ.

ಈ ಚಳಿಗಾಲ ನಾಲ್ಕು ಸದಸ್ಯರ ತಾರಸಿಗಳ ಮೇಲೆ ಸಂಘವೇ ನಾಲ್ಕು ಬಕೆಟ್ ಇಡಲಿ. ತೂಕದ ಚೀಟಿ ಕಾರ್ಯದರ್ಶಿಗಳ ಸಹಿಯೊಡನೆ ವಾರ್ಡ್ ಕಚೇರಿಗೆ ಹೋಗಲಿ. ಸ್ವೀಕೃತಿಯ ಮೊಹರು ಒತ್ತಿಸಿಕೊಂಡು ಬರುವ ಹೊಣೆ ನಮ್ಮದು.