ಬ್ರೆಡ್ ಸರಣಿ, ಭಾಗ 6: 899 ರೂಪಾಯಿ ಬುಟ್ಟಿ, 150 ರೂಪಾಯಿ ಬುಟ್ಟಿ

ದೋಸ್ತರೇ, ಹೋದ ಪೋಸ್ಟಿನ ಕೆಳಗ ಅರ್ಧಕ್ಕರ್ಧ ಕಾಮೆಂಟ್ ಒಂದೇ: "ಬ್ಯಾನೆಟನ್ ಯಾವುದು ತಗೋಬೇಕು? ಲಿಂಕ್ ಹಾಕು." ಲಿಂಕ್ ಹಾಕಲ್ಲ. ಯಾಕಂತ ಹೇಳ್ತೀನಿ, ಕಡೀತನಕ ಓದ್ರಿ.

ಗೊತ್ತಿಲ್ಲದವರಿಗೆ ಮೊದಲು ಇದು. ನಾದಿ, ಗುಂಡಗೆ ಮಾಡಿದ ಬ್ರೆಡ್ ಹಿಟ್ಟು ಓವನ್‌ಗೆ ಹೋಗೋ ಮುಂಚೆ ಇನ್ನೊಂದು ಸಲ ಉಬ್ಬಬೇಕು. ಹಾಗೇ ತಟ್ಟೆ ಮೇಲೆ ಬಿಟ್ಟರೆ ಮೇಲಕ್ಕೆ ಏಳಲ್ಲ, ಅಗಲಕ್ಕೆ ಹರಡಿ ಕೂಡ್ತದ. ಬ್ಯಾನೆಟನ್ ಅಂದ್ರ ಅದನ್ನ ಸುತ್ತಲಿಂದ ಹಿಡಿದು ನಿಲ್ಲಿಸೋ ಬುಟ್ಟಿ. ಮೇಲಿನ ಪಸೆಯನ್ನೂ ಸ್ವಲ್ಪ ಹೀರಿಕೊಳ್ಳುತ್ತದೆ. ಅಷ್ಟೇ ಅದರ ಕೆಲಸ. ಬುಟ್ಟಿ ಓವನ್ ಒಳಗ ಹೋಗಲ್ಲ! ಬೇಯಿಸೋ ಹೊತ್ತಿಗೆ ಹಿಟ್ಟನ್ನ ತಟ್ಟೆಗೆ ಬೋರಲು ಹಾಕಬೇಕು.

ಹೋದ ವರ್ಷ ನಾನೂ ಆನ್‌ಲೈನ್‌ನಲ್ಲಿ 899 ಕೊಟ್ಟು ಬೆತ್ತದ ಬ್ಯಾನೆಟನ್ ತರಿಸಿದೆ. ಒಂದು ರೂಪಾಯಿ ಚೌಕಾಸಿ ಇಲ್ಲ. ಆಪ್ ಜೊತೆ ಯಾರು ಚೌಕಾಸಿ ಮಾಡ್ತಾರ? ಬ್ರೆಡ್ ಮೇಲೆ ಸುರುಳಿ ಗೆರೆ ಚಂದ ಬಂದವು, ಸುಳ್ಳು ಹೇಳಲ್ಲ. ಆದರೆ ಮಳೆಗಾಲದಾಗ ತೊಳೆದು, ಪೂರ್ತಿ ಒಣಗೋ ಮುಂಚೆ ಕಪಾಟಿನೊಳಗ ಮುಚ್ಚಿಟ್ಟೆ. ಬೂಸ್ಟು ಹಿಡೀತು. ತಪ್ಪು ನಂದೇ.

ಅದಾದ ಮ್ಯಾಲ ಕಮಲಾಪುರಕ್ಕೆ ಆಯಿ ಮನೆಗೆ ಹೋಗಿದ್ದೆ. ಆಯಿ ರೊಟ್ಟಿ ಬಡಿದು, ಬಿದಿರಿನ ಬುಟ್ಟಿಯೊಳಗ ಬಟ್ಟೆ ಹಾಸಿ ಇಡ್ತಿದ್ದಳು. ಹುಟ್ಟಿದಾಗಿಂದ ನೋಡಿದ್ದೇ, ಅವತ್ತು ಹೊಳೀತು. ಫ್ರಾನ್ಸಿನ ಹಳೇ ಕಾಲದ ಬ್ಯಾನೆಟನ್ ಅಂದ್ರೂ ಇದೇ ಅಲ್ಲ? ಹೆಣೆದ ಬುಟ್ಟಿ, ಒಳಗ ಲಿನನ್ ಬಟ್ಟೆ. ಜೋಳದಾಗ ಗ್ಲುಟೆನ್ ಇಲ್ಲ, ಬ್ರೆಡ್ ಹಿಟ್ಟಿನಂಗ ಉಬ್ಬಲ್ಲ, ಅದಕ್ಕ ನಾವು ತೆಳ್ಳಗ ಬಡೀತೀವಿ. ಆದರ ಒಳಗಿರೋದು ರೊಟ್ಟಿನೋ ಗೋಧಿ ಬ್ರೆಡ್ಡೋ ಅಂತ ಬುಟ್ಟಿಗೇನು ಗೊತ್ತು?

ಸಂಜೆ ಕೆಂಪು ಬಾಳೆಹಣ್ಣು ತರಾಕ ಹೋದಾಗ, ರಸ್ತೆ ಬದಿ ಬುಟ್ಟಿ ಹೆಣೆಯೋ ಅಕ್ಕನ ಮುಂದೆ ನಿಂತೆ. 150 ಅಂದ್ರು. ನಾನು 100ಕ್ಕೆ ಇಳಿಸಿದೆ. ಮನೆಗೆ ಬಂದು ಜಂಬದಿಂದ ಹೇಳಿದ್ರ, ಆಯಿ ಕೇಳಿದ್ದು ಒಂದೇ ಮಾತು: "ಬಿದರು ಮಾರಾವ ಆಕಿಗೆ ಐವತ್ತು ರೂಪಾಯಿ ಬಿಟ್ಟಾನೇನು?"

ಕಾಸ್ಟ್ ಅಕೌಂಟಿಂಗ್ ಪೇಪರ್ ಬರೆದವರು ನಾವು, ಲೆಕ್ಕ ಹಾಕ್ರಿ. ಬುಟ್ಟಿಯ ಖರ್ಚು ಎರಡೇ: ಬಿದಿರು, ಕೂಲಿ. ಬಿದಿರಿನ ರೇಟು ನನ್ನ ಚೌಕಾಸಿಗೆ ಇಳಿಯಲ್ಲ. ಅಂದ್ರ ನಾನು ಉಳಿಸಿದ 50 ರೂಪಾಯಿ ಪೂರ್ತಿ ಆ ಅಕ್ಕನ ಕೂಲಿಯಿಂದಲೇ ಹೋಯ್ತು. 899 ಸುಮ್ಮನೆ ಕೊಟ್ಟ ಕೈ ಇದು.

ಅದಕ್ಕ ನನ್ನ ಅಭಿಪ್ರಾಯ ನೇರವಾಗಿ: ಬಿದಿರಿನ ಬುಟ್ಟಿನೇ ತಗೋರಿ, ಕೇಳಿದಷ್ಟು ಕೊಡ್ರಿ.

ಆರಿಸೋದು ಹ್ಯಾಂಗ (ಸೇವ್ ಮಾಡ್ಕೋರಿ):
🧺 500 ಗ್ರಾಂ ಹಿಟ್ಟಿನ ಬ್ರೆಡ್‌ಗೆ 22-23 ಸೆಂ.ಮೀ. ಅಗಲ, ಸುಮಾರು 8 ಸೆಂ.ಮೀ. ಆಳ. ಹಿಟ್ಟು ಹಾಕಿದಾಗ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದ್ರ ಸಾಕು, ಉಬ್ಬಾಕ ಜಾಗ ಬೇಕು.
🧺 ಬಣ್ಣ, ವಾರ್ನಿಶ್ ಬೇಡ. ಒಳಗ ಕೈಯಾಡಿಸಿ ನೋಡ್ರಿ, ಸಿಬಿರು ಚುಚ್ಚಬಾರದು.
🧺 ಹಳೇ ಧೋತರದ ತುಂಡು ಹಾಸಿರಿ. ಟರ್ಕಿ ಟವೆಲ್ ಬೇಡ, ಅದರ ಎಳೆಗೆ ಹಿಟ್ಟು ಅಂಟ್ತದ.
🧺 ಬಟ್ಟೆಗೆ ಅಕ್ಕಿ ಹಿಟ್ಟು ತಿಕ್ಕಿರಿ. ನಾನು ಜೋಳದ ಹಿಟ್ಟು ತಿಕ್ತೀನಿ, ಅಂಟಿಲ್ಲ.
🧺 ಮೇ ತಿಂಗಳ ಕಲಬುರಗಿಯಲ್ಲಿ ಗಡಿಯಾರ ನಂಬಬೇಡ್ರಿ. ಬೆರಳಿಂದ ಒತ್ತಿರಿ. ಕುಳಿ ಥಟ್ಟನೆ ತುಂಬಿದ್ರ ಇನ್ನೂ ಕಾಯಬೇಕು, ನಿಧಾನಕ್ಕೆ ಅರ್ಧ ತುಂಬಿದ್ರ ರೆಡಿ, ತುಂಬಲೇ ಇಲ್ಲ ಅಂದ್ರ ಹೊತ್ತು ಮೀರಿದೆ.
🧺 ಆಮೇಲೆ ಸೋಪು ಬೇಡ. ಝಾಡಿಸಿ, ಬಿಸಿಲಿಗಿಡ್ರಿ. ನಮ್ಮೂರಾಗ ಬಿಸಿಲಿಗೆ ಬರ ಇಲ್ಲ.

"ಸ್ಟೀಲ್ ಬೋಗಣಿಗೆ ಬಟ್ಟೆ ಹಾಸಿದ್ರ ಆಗಲ್ಲೇನು?" ಆಗ್ತದ, ಪುಕ್ಕಟೆ ಕೂಡ. ಆದರ ಸ್ಟೀಲಿನಾಗ ಗಾಳಿ ಆಡಲ್ಲ, ಮಳೆಗಾಲದಾಗ ಬಟ್ಟೆ ಒದ್ದೆಯಾಗಿ ಹಿಟ್ಟಿಗೆ ಅಂಟಿಕೊಳ್ತದ. ಕೈಯಲ್ಲಿ ದುಡ್ಡಿಲ್ಲ ಅಂದ್ರ ಬೋಗಣಿನೇ ಬಳಸ್ರಿ, ನಾಚಿಕೆ ಇಲ್ಲ. ದುಡ್ಡು ಇದ್ದೂ ಬುಟ್ಟಿಯವರ ಹತ್ರ ಮಾತ್ರ ಬಿಗಿ ಹಿಡಿಯೋದು ನಾಚಿಕೆ.

ಬಸವ ಜಯಂತಿಗೆ ನಾವೆಲ್ಲ ಕಾಯಕದ ಬಗ್ಗೆ ಸ್ಟೇಟಸ್ ಹಾಕ್ತೀವಿ. 12ನೇ ಶತಮಾನದಾಗ ಅದೇ ಬಸವಣ್ಣನವರ ಕಾಲದ ಶರಣ ಮೇದಾರ ಕೇತಯ್ಯನವರ ಕಾಯಕ ಬಿದಿರು ಕೆಲಸವೇ. ಅವರ ಕಲ್ಯಾಣ ನಮ್ಮ ಪಕ್ಕದ ಬೀದರ್ ಜಿಲ್ಲೆಯೊಳಗೇ ಅದ. ಸ್ಟೇಟಸ್ 24 ತಾಸಿಗೆ ಹೋಗ್ತದ. ಬುಟ್ಟಿಯ ಮುಂದೆ ನಿಂತಾಗ ನಮಗೆ ಅದು ನೆನಪಿರಬೇಕು.

ಮುಂದಿನ ಸಲ ಕಮಲಾಪುರಕ್ಕೆ ಹೋದಾಗ ಅದೇ ಅಕ್ಕನ ಹತ್ರ ಒಂದು ತುಂಡು ಬ್ರೆಡ್ ಒಯ್ದೆ. "ಹಿಟ್ಟು ಉಬ್ಬಿಸಾಕ ನನ್ನ ಬುಟ್ಟಿನಾ?" ಅಂತ ನಕ್ಕರು. ಹೆಣಿಗೆ ಇನ್ನೂ ಬಿಗಿಯಾಗಿ, ಒಳಗ ನುಣ್ಣಗೆ ಕೆರೆದು ಇನ್ನೊಂದು ಮಾಡಿಕೊಟ್ಟರು. 200 ಅಂದ್ರು, 200 ಕೊಟ್ಟೆ. 3ನೇ ಫೋಟೊದಾಗ ಇರೋದು ಅದೇ.

ನಿಮ್ಮ ಮನ್ಯಾಗ ಹಳೇ ರೊಟ್ಟಿ ಬುಟ್ಟಿ ಅದ ಏನು? ಫೋಟೊ ಹಾಕಿ ಟ್ಯಾಗ್ ಮಾಡ್ರಿ. ಮತ್ತ ಖರೇ ಹೇಳ್ರಿ, ಕೊನೇ ಸಲ ಯಾರ ಹತ್ರ ಚೌಕಾಸಿ ಮಾಡಿದ್ರಿ, ಎಷ್ಟಕ್ಕ?

#ಕಲಬುರಗಿ #ಕಮಲಾಪುರ #ಬ್ರೆಡ್‌ಸರಣಿ #ಬಿದಿರುಬುಟ್ಟಿ